ವಕೀಲರ ಮನೆಯ ಕಾಗದ ನೋಡಲು ಹೋದದ್ದು

ವೇಲಚೇರಿ

ಅಮೆರಿಕಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಜಲಪಾತ ನೋಡಿರುತ್ತಾರೆ, ಎತ್ತರದ ಕಟ್ಟಡ ಹತ್ತಿರುತ್ತಾರೆ. ನಾನು ಒಂಬತ್ತು ದಿನ ಇದ್ದು ನೋಡಿಕೊಂಡು ಬಂದದ್ದು ಒಂದು ಅಕ್ಷರ. ಅದನ್ನು ನೋಡಲೆಂದೇ ಹೊರಟಿದ್ದೇನೆ ಎಂದು ಹೋಗುವಾಗ ಇಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ನಂಜನಗೂಡಿನವಳು. ನಮ್ಮವರಿಗೆ ರೈಲ್ವೆಯಲ್ಲಿ ಕೆಲಸ. ವರ್ಗವಾಗಿ ಚೆನ್ನೈಗೆ ಬಂದವರು ಇಲ್ಲೇ ನಿವೃತ್ತರಾದರು. ವೇಲಚೇರಿಯ ಒಂದು ಆಫೀಸಿನಲ್ಲಿ ನಾನು ಹಳೆಯ ಕೈಬರಹ ಓದಿ ಟೈಪು ಮಾಡುತ್ತೇನೆ. ಹೊರದೇಶದ ಗ್ರಂಥಾಲಯಗಳು, ಚರ್ಚುಗಳು ತಮ್ಮ ಹಳೆಯ ದಫ್ತರದ ಫೋಟೊ ಕಳಿಸುತ್ತವೆ. ಹನ್ನೊಂದು ಹೆಂಗಸರು ಸಾಲಾಗಿ ಕುಳಿತು ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸುತ್ತೇವೆ. ಮಳೆಗಾಲದಲ್ಲಿ ಕೆಳಗೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. ಮೂರನೇ ಮಹಡಿಯಲ್ಲಿ ನಾವು ಯಾವುದೋ ದೇಶದವರ ಹುಟ್ಟು, ಮದುವೆ, ಸಾವು ಟೈಪು ಮಾಡುತ್ತಿರುತ್ತೇವೆ.

ಮೂರು ವರ್ಷದ ಹಿಂದೆ ನನ್ನ ಪಾಲಿಗೆ ಬಂದದ್ದು ಹದಿನೆಂಟನೇ ಶತಮಾನದ ಒಬ್ಬ ಅಮೆರಿಕನ್ ವಕೀಲನ ಮನೆಯ ಕಾಗದಗಳು. ಆ ದೇಶದ ಈಶಾನ್ಯ ಮೂಲೆಯಲ್ಲಿ ಹೊಳೆದಂಡೆಯ ಒಂದು ಊರು. ವಕೀಲ ಕೋರ್ಟು ಕೆಲಸಕ್ಕೆಂದು ಊರೂರು ತಿರುಗುತ್ತಿದ್ದ. ಹೆಂಡತಿಯ ಹೆಸರು ಪೇಷನ್ಸ್, ಅಂದರೆ ತಾಳ್ಮೆ. ಅವಳು ವಾರವಾರ ಬರೆಯುತ್ತಿದ್ದಳು: ಹಸು ಈಯಿತು, ಮಗಳಿಗೆ ಕೆಮ್ಮು, ನಿಮ್ಮ ಕಪ್ಪು ಕೋಟಿಗೆ ನುಸಿ ಹಿಡಿದಿದೆ, ಕಕ್ಷಿದಾರನೊಬ್ಬ ಬೆಳಗಿನಿಂದ ಜಗಲಿಯಲ್ಲಿ ಕೂತಿದ್ದಾನೆ, ಏನು ಹೇಳಲಿ. ಓದುತ್ತ ಓದುತ್ತ ಅವಳ ಬರಹ ನನಗೆ ನನ್ನ ಅಕ್ಕನ ಬರಹದಷ್ಟೇ ಬಳಕೆಯಾಯಿತು. ಸಿಟ್ಟು ಬಂದಾಗ ಅಕ್ಷರ ಬಲಕ್ಕೆ ವಾಲುತ್ತಿತ್ತು, ದಣಿದಾಗ ಸಾಲು ಕೆಳಕ್ಕಿಳಿಯುತ್ತಿತ್ತು.

ಆ ಮನೆಯಲ್ಲಿ ಡೈನಾ ಎಂಬ ಕರಿಯ ಹೆಂಗಸು ಇದ್ದಳು. ಸಂಬಳದ ಆಳಲ್ಲ, ಗುಲಾಮಳು. ಅವಳಿಗೆ ಹ್ಯಾನಾ ಎಂಬ ಒಂಬತ್ತು ವರ್ಷದ ಮಗಳು. ವಕೀಲ ಒಮ್ಮೆ ಹೆಂಡತಿಗೆ ಬರೆದಿದ್ದ: 'ಮಗುವನ್ನು ಬಿಡುಗಡೆ ಮಾಡುವ ಯೋಚನೆಯಿದೆ. ನಾನು ಹೇಳುವವರೆಗೆ ಅವಳಿಗೆ ತಿಳಿಸಬೇಡ.' ಆರು ತಿಂಗಳಾದ ಮೇಲೆ ಪೇಷನ್ಸಳ ಕಾಗದದಲ್ಲಿ ಒಂದು ಸಾಲು ಬಂತು. ನಾನು ಓದಿದ್ದು ಹೀಗೆ: 'ನೀವು ಅಪ್ಪಣೆ ಕೊಟ್ಟಂತೆ ಹ್ಯಾನಾಗೆ ತಿಳಿಸಿಯಾಯಿತು. ಡೈನಾ ಸೋಮವಾರದಿಂದ ಊಟ ಮಾಡಿಲ್ಲ.' ಡೈನಾಗೆ ಆಗಾಗ ಜ್ವರ ಬರುತ್ತಿತ್ತು. ಅದೇ ಇರಬೇಕು ಎಂದುಕೊಂಡು ಮುಂದಿನ ಸಾಲಿಗೆ ಹೋದೆ.

ಕೊನೆಯ ಕಂತಿನಲ್ಲಿ ವಕೀಲನ ವ್ಯವಹಾರದ ಕಾಗದಗಳು ಬಂದವು. ಹಡಗಿನ ಕಪ್ತಾನನೊಬ್ಬ ದಕ್ಷಿಣದ ಬಂದರಿನಿಂದ ಮರದ ಹಲಗೆ, ಕಾಕಂಬಿಯ ಪೀಪಾಯಿಗಳ ವಿಷಯ ಬರೆದು, ನಡುವೆ ಒಂದು ಮಾತು ಸೇರಿಸಿದ್ದ: 'ಹುಡುಗಿ ಮೊದಲ ವಾರ ಬಹಳ ಅತ್ತಳು. ಈಗ ಕ್ಷೇಮ.' ಯಾವ ಹುಡುಗಿ ಎಂದು ಹೆಸರಿಲ್ಲ. ಆದರೆ ತಾರೀಖು ನೋಡಿದೆ. ಡೈನಾ ಊಟ ಬಿಟ್ಟು ಮೂರು ವಾರದ ನಂತರದ್ದು. ಪೇಷನ್ಸಳ ಆ ಸಾಲಿಗೆ ಹಿಂತಿರುಗಿ ಹೋದೆ.

ಇಂಗ್ಲಿಷಿನಲ್ಲಿ 'ಟೋಲ್ಡ್' ಅಂದರೆ ತಿಳಿಸಿಯಾಯಿತು. 'ಸೋಲ್ಡ್' ಅಂದರೆ ಮಾರಿಯಾಯಿತು. ವ್ಯತ್ಯಾಸ ಮೊದಲಿನ ಒಂದೇ ಅಕ್ಷರ. ಆ ಕಾಲದವರು ಎಸ್ ಅಕ್ಷರವನ್ನು ಕೋಲು ನಿಲ್ಲಿಸಿದಂತೆ ಉದ್ದಕ್ಕೆ ಎಳೆಯುತ್ತಿದ್ದರು. ಕೋಲಿಗೆ ಅಡ್ಡಗೆರೆ ಇದ್ದರೆ ಟಿ, ಇಲ್ಲದಿದ್ದರೆ ಎಸ್. ಫೋಟೊ ದೊಡ್ಡದು ಮಾಡಿ ನೋಡಿದೆ. ಅಡ್ಡಗೆರೆ ಇತ್ತು. ಆದರೆ ತೀರ ಮಸುಕು. ಹಾಳೆಯ ಹಿಂಬದಿಯ ಶಾಯಿ ಈಚೆಗೆ ಇಳಿದದ್ದೂ ಇರಬಹುದು. ಫೋಟೊದಲ್ಲಿ ಅದಕ್ಕಿಂತ ಹೆಚ್ಚು ಕಾಣಲಿಲ್ಲ.

ನಮ್ಮ ಮೇಲ್ವಿಚಾರಕಿ ಗೋಮತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, "ಪ್ರಾಜೆಕ್ಟ್ ಮುಡಿಂಜು ಪೋಚ್ಚು ವನಜಾ. ಎದುಕ್ಕು ವಂಬು?" ಎಂದಳು. ಮುಗಿದ ಕೆಲಸ, ಇಲ್ಲದ ತಾಪತ್ರಯ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀ ಎಂದು. ನಾನೂ ಸುಮ್ಮನಾದೆ. ಸುಮ್ಮನಾದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆದರೆ ನಾನು ಓದಿದ ಸಾಲು ಅಷ್ಟರಲ್ಲಿ ನನ್ನ ಕೈಬಿಟ್ಟು ದೂರ ಹೋಗಿತ್ತು. ಕಾಗದಗಳ ಫೋಟೊ ಕಳಿಸಿದ್ದ ಆ ಊರಿನ ಇತಿಹಾಸ ಸಂಘದವರು ದಕ್ಷಿಣದ ಬಂದರಿನ ಚರ್ಚಿನ ಪುಸ್ತಕದಲ್ಲಿ ಹ್ಯಾನಾಳ ಹೆಸರು ಪತ್ತೆ ಮಾಡಿ, ಅವಳ ವಂಶದವರನ್ನು ಹುಡುಕಿದ್ದರು. ಬಿಡುಗಡೆಯಾದ ಹ್ಯಾನಾ ಸ್ವತಂತ್ರ ಹೆಂಗಸಾಗಿ ಅಲ್ಲಿಗೆ ಹೋಗಿ ನೆಲೆಸಿದಳು ಎಂದು ವಕೀಲನ ಮನೆಯಲ್ಲೇ ಒಂದು ಪ್ರದರ್ಶನ ಏರ್ಪಡಿಸಿದ್ದರು. ಉದ್ಘಾಟನೆಗೆ ಬರಬೇಕೆಂದು, ಕಾಗದಗಳನ್ನು ಹೆಚ್ಚು ಓದಿದವಳು ಎಂಬ ಕಾರಣಕ್ಕೆ ನನ್ನನ್ನು ಕರೆದರು.

ಅಂದು ಮನೆಯಲ್ಲಿ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಹುರುಳಿಕಾಯಿ ಸೋಸುತ್ತಿದ್ದರು.

"ರೀ, ಮೇಲ್ ಬರೆದು ಹೇಳಿಬಿಡ್ಲಾ?"

"ಬೇಡ ಕಣೇ. ನಿಂಗೇ ಇನ್ನೂ ಖಾತ್ರಿ ಇಲ್ಲ. ಹೋಗು, ಕಾಗದ ಕೈಯಲ್ಲಿ ಹಿಡ್ಕೊಂಡು ನೋಡು. ತಪ್ಪಾಗಿದ್ರೆ ಅವರ ಮುಖ ನೋಡ್ಕೊಂಡು ಹೇಳು. ಮುಖ ನೋಡ್ದೆ ಹೇಳೋ ಮಾತಲ್ಲ ಇದು."

ಚೆನ್ನೈಯಲ್ಲೇ ಬೆಳೆದ ಮಗಳು ಮೊಬೈಲಿನಿಂದ ತಲೆ ಎತ್ತಿ, "ಅಮ್ಮಾ, ಭಯಪ್ಪಡಾಮ ಪೋಯಿಟ್ಟು ವಾಮ್ಮಾ" ಎಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲೇ. ಹೆದರದೆ ಹೋಗಿ ಬಾ ಎನ್ನುವುದು ಯಾವ ಭಾಷೆಯಲ್ಲಾದರೂ ಸುಲಭ.

ಎರಡು ಕಿಟಕಿಗಳು

ವೀಸಾ ಕೊಡುವ ಆಫೀಸಿನ ಕಿಟಕಿಯ ಹಿಂದೆ ನನ್ನ ಮಗಳ ವಯಸ್ಸಿನ ಹೆಂಗಸೊಬ್ಬಳಿದ್ದಳು. ಏನು ಕೆಲಸ ಎಂದು ಕೇಳಿದಳು. ಕಾಗದ ಓದುತ್ತೇನೆ ಎಂದೆ. ಯಾರ ಕಾಗದ? ಸತ್ತುಹೋದ ವಕೀಲರದ್ದು. ಅವರು ನಿಮಗೆ ಏನಾಗಬೇಕು? ಏನೂ ಆಗಬೇಕಿಲ್ಲ. ಹಾಗಾದರೆ ಅವರ ಕಾಗದ ನೀವೇಕೆ ಓದುತ್ತೀರಿ? ಈ ಪ್ರಶ್ನೆಯನ್ನು ಅಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ತಡವರಿಸಿದೆ. ಆಹ್ವಾನ ಪತ್ರ ತೋರಿಸಿದ ಮೇಲೆ ಅವಳು ನಕ್ಕು ಪಾಸ್‌ಪೋರ್ಟು ಒಳಗೆಳೆದುಕೊಂಡಳು.

ಅಮೆರಿಕದಲ್ಲಿ ವಿಮಾನ ಇಳಿದ ಮೇಲಿನ ಕಿಟಕಿಯ ಅಧಿಕಾರಿ ನಗುವವನಲ್ಲ. "ಒಂದು ಕಾಗದ ನೋಡೋದಕ್ಕೆ ಇಷ್ಟು ದೂರ ಬಂದಿರಾ?" ಎಂದು ಎರಡು ಸಲ ಕೇಳಿದ. ಎರಡನೆಯ ಸಲ ನನಗೂ ಹಾಗೇ ಅನಿಸಿತು. ಹೊರಗೆ ಬಂದರೆ ನನ್ನ ಪೆಟ್ಟಿಗೆ ಬಂದಿಲ್ಲ. ಚಟ್ನಿಪುಡಿ, ಎರಡು ರೇಷ್ಮೆ ಸೀರೆ, ನಮ್ಮವರು ಹಟ ಹಿಡಿದು ಕೊಡಿಸಿದ ಉಣ್ಣೆಯ ಸ್ವೆಟರು ಎಲ್ಲ ಬೇರೆ ಯಾವುದೋ ಊರಿಗೆ ಹೋಗಿದ್ದವು. ನವೆಂಬರಿನ ಚಳಿಯಲ್ಲಿ ಕಾಟನ್ ಸೀರೆ ಉಟ್ಟು ನಿಂತಿದ್ದೆ.

ಮಾರ್ಥಾಳ ಮನೆ

ಕರೆದೊಯ್ಯಲು ಬಂದವಳು ಮಾರ್ಥಾ, ಇತಿಹಾಸ ಸಂಘದ ಕಾಗದಪತ್ರಗಳನ್ನು ನೋಡಿಕೊಳ್ಳುವವಳು. ಅರವತ್ತು ದಾಟಿದ್ದಾಳೆ, ಗಂಡ ತೀರಿಹೋಗಿದ್ದಾನೆ. ನನ್ನ ಸ್ಥಿತಿ ನೋಡಿ ಕಾರಿನ ಹಿಂದಿನಿಂದ ಗಂಡನ ದಪ್ಪ ಸ್ವೆಟರು ತೆಗೆದು ಕೊಟ್ಟಳು. ತೋಳು ನನ್ನ ಕೈಗಿಂತ ಗೇಣುದ್ದ ಉದ್ದ. ನಾಲ್ಕು ದಿನ ಸೀರೆಯ ಮೇಲೆ ಅದನ್ನೇ ಹಾಕಿಕೊಂಡು ತಿರುಗಿದೆ.

ಆ ಊರಿನಲ್ಲಿ ಮನೆಗಳಿವೆ, ಮನುಷ್ಯರು ಕಾಣುವುದಿಲ್ಲ. ಚೆನ್ನೈಯ ಸೌಕಾರ್‌ಪೇಟೆಯ ಒಂದು ಗಲ್ಲಿಯಲ್ಲಿ ಹತ್ತು ನಿಮಿಷದಲ್ಲಿ ನನ್ನ ಭುಜಕ್ಕೆ ತಗಲುವಷ್ಟು ಜನ ಇಲ್ಲಿ ಒಂದು ವಾರದಲ್ಲೂ ಎದುರಾಗಲಿಲ್ಲ. ಎದುರಾದವರೆಲ್ಲ "ಹೇಗಿದ್ದೀರಿ?" ಎನ್ನುತ್ತಾರೆ. ಮೊದಲ ದಿನ ನಾನು ನಿಂತು, ಪೆಟ್ಟಿಗೆ ಬಂದಿಲ್ಲ, ನಿದ್ದೆ ಸರಿಯಾಗಿಲ್ಲ ಎಂದು ಹೇಳತೊಡಗಿದೆ. ನಾಯಿ ಹಿಡಿದುಕೊಂಡಿದ್ದ ಆ ಮನುಷ್ಯ ಆಗಲೇ ಆಚೆ ಕಂಬದ ಹತ್ತಿರ ಹೋಗಿದ್ದ.

ಮಾರ್ಥಾ ಒಳ್ಳೆಯವಳು. ನನಗೆ ಅನ್ನ ಬೇಕಾಗುತ್ತದೆ ಎಂದು ತಿಳಿದು ಎಲ್ಲಿಂದಲೋ ಅಕ್ಕಿ ತಂದಿಟ್ಟಿದ್ದಳು. ಮೊಸರು ಮಾತ್ರ ಸಿಹಿಯದು. ಊಟದ ಮೇಜಿನಲ್ಲಿ ಪ್ರದರ್ಶನದ ಫಲಕದ ಚಿತ್ರ ತೋರಿಸಿದಳು. ಬಿಳಿಯ ಹಲಗೆಯ ಮೇಲೆ ನೀಲಿ ಅಕ್ಷರದಲ್ಲಿ ಆ ಸಾಲು ಇತ್ತು: 'ಹ್ಯಾನಾಗೆ ತಿಳಿಸಿಯಾಯಿತು.'

"ಈ ಸಾಲು ಓದಿದ ದಿನ ನಾನು ಆಫೀಸಿನಲ್ಲಿ ಅತ್ತುಬಿಟ್ಟೆ" ಎಂದಳು. "ಈ ಊರಿನ ಹಳೆಯ ಕಾಗದದಲ್ಲಿ ಸಂತೋಷಪಡುವಂಥದು ಸಿಗೋದು ಅಪರೂಪ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಬಂದ ಮಾತು, "ಮೂಲ ಕಾಗದವನ್ನು ಒಮ್ಮೆ ನೋಡಬಹುದಾ?"

"ಅದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿಯಾಯಿತು. ಗಾಜಿನ ಮೇಲಿಂದ ಬೇಕಾದಷ್ಟು ನೋಡಿ."

ವಕೀಲರ ಮನೆ

ಮರುದಿನ, ಬುಧವಾರ, ವಕೀಲನ ಮನೆ ನೋಡಿದೆ. ಮರದ ಮನೆ, ತಗ್ಗು ಮಾಡು, ಒಲೆ ಒಂದು ಕೋಣೆಯಷ್ಟು ದೊಡ್ಡದು. ಪೇಷನ್ಸ್ ಕೂತು ಬರೆಯುತ್ತಿದ್ದ ಮೇಜನ್ನು ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದಾರೆ. ಅಲ್ಲಿಂದ ಹೊಳೆ ಕಾಣುತ್ತದೆ, ಹಡಗು ನಿಲ್ಲುತ್ತಿದ್ದ ಕಟ್ಟೆಯೂ ಕಾಣುತ್ತದೆ.

ಅಡುಗೆಮನೆಯ ಹಿಂದಿನಿಂದ ಕಡಿದಾದ ಮೆಟ್ಟಿಲು ಮೇಲೆ ಹೋಗುತ್ತದೆ. ಡೈನಾ, ಹ್ಯಾನಾ ಮಲಗುತ್ತಿದ್ದ ಅಟ್ಟ. ನಾನು ಬಗ್ಗಿಯೇ ನಿಲ್ಲಬೇಕಾಯಿತು. ನಮ್ಮ ಅಜ್ಜಿಯ ಮನೆ ನೆನಪಾಯಿತು. ಅಲ್ಲಿ ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಹಿತ್ತಲ ಬಾಗಿಲಾಚೆಯೇ ಊಟ. ಅವಳ ತಟ್ಟೆ ಎಲ್ಲಿರುತ್ತಿತ್ತು ಎಂಬುದು ನನಗೆ ಗೊತ್ತು, ಅವಳ ಹೆಸರು ಗೊತ್ತಿಲ್ಲ. ಅಮ್ಮನನ್ನು ಕೇಳೋಣವೆಂದರೆ ಅಮ್ಮನೂ ಈಗಿಲ್ಲ. ಈ ವಕೀಲನ ಮನೆಯವರನ್ನು ಕಂಡು ಮೂಗು ಮುರಿಯುವ ಹಕ್ಕು ನನಗಿಲ್ಲ ಎಂದುಕೊಂಡು ಕೆಳಗಿಳಿದೆ.

ಗಾಜಿನ ಪೆಟ್ಟಿಗೆ ನಡುಮನೆಯಲ್ಲಿತ್ತು. ಕಾಗದ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದೆ. ಮೇಲಿನ ದೀಪದ ಹೊಳಪು ಸರಿಯಾಗಿ ಆ ಪದದ ಮೇಲೇ ಬೀಳುತ್ತಿತ್ತು. ಎಡಕ್ಕೆ ಸರಿದೆ, ಬಲಕ್ಕೆ ಸರಿದೆ. ಕಾಗದದ ಮಡಿಕೆಯೂ ಅದೇ ಸಾಲಿನ ಕೆಳಗೆ. ಅಕ್ಷರದ ಬುಡ ಮಡಿಕೆಯೊಳಗೆ ಸೇರಿಹೋಗಿತ್ತು.

ಹಿಂದಿನಿಂದ ಯಾರೋ ನನ್ನ ಹೆಸರು ಕರೆದರು. ತಿರುಗುವಷ್ಟರಲ್ಲಿ ಎತ್ತರದ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡಿದ್ದಳು.

"ನೀವೇ ಅಲ್ವಾ ವನಜಾ? ನಾನು ಲೊರೇನ್. ಹ್ಯಾನಾ ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ. ಅವಳನ್ನು ನಮಗೆ ವಾಪಸು ತಂದುಕೊಟ್ಟೋರು ನೀವು."

ಲೊರೇನ್‌ಗೆ ನನ್ನದೇ ವಯಸ್ಸು, ಐವತ್ತೈದರ ಆಸುಪಾಸು. ತನ್ನ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ತಾಯಿ ಒಡೆಸ್ಸಾಳನ್ನು ಕರೆದುಕೊಂಡು ಎರಡು ದಿನ ಕಾರು ಓಡಿಸಿ ಬಂದಿದ್ದಳು. ತಾಯಿಗೆ ಎಂಬತ್ತೊಂಬತ್ತು, ಪ್ರಯಾಣದ ದಣಿವಿಗೆ ಹೋಟೆಲಿನಲ್ಲಿ ಮಲಗಿದ್ದಳು.

"ಅಮ್ಮ ನಾವು ಚಿಕ್ಕವರಿದ್ದಾಗಿಂದ ಬೇರೆ ಕಥೆ ಹೇಳ್ತಿದ್ದರು" ಎಂದಳು ಲೊರೇನ್. "ಹ್ಯಾನಾ ಅನ್ನೋ ಮಗೂನ ತಾಯಿ ಕೈಯಿಂದ ಬಿಡಿಸಿ ಹಡಗು ಹತ್ತಿಸಿದರು ಅಂತ. ಅವರಿಗೆ ಅವರ ಅಜ್ಜಿ ಹೇಳಿದ್ದಂತೆ. ಹೋದ ವರ್ಷ ನಿಮ್ಮ ಸಾಲು ಬಂತಲ್ಲ, ನಾನು ಓದಿ ತೋರಿಸಿದೆ. ಅಲ್ಲಮ್ಮ, ಅವಳು ಸ್ವತಂತ್ರಳಾಗಿ ಹೋದೋಳು, ನೋಡು ಕಾಗದ ಇದೆ ಅಂತ. ಅವತ್ತಿನಿಂದ ಅಮ್ಮ ಆ ಕಥೆ ಎತ್ತೇ ಇಲ್ಲ."

ನನ್ನ ಕಾಲಿನ ಕೆಳಗೆ ಆ ಹಳೆಯ ಹಲಗೆ ಕಿರ್ ಎಂದಿತು. ನಾನು ನಗುತ್ತಿದ್ದೆ ಎಂದು ಕಾಣುತ್ತದೆ. ಅವಳೂ ನಗುತ್ತಿದ್ದಳು.

ಓದುವ ಕೋಣೆ

ಗುರುವಾರ ಬೆಳಿಗ್ಗೆ ಮಾರ್ಥಾ ಸಂಘದ ಓದುವ ಕೋಣೆಯ ಬಾಗಿಲು ತೆರೆದಳು. ಒಳಗೆ ಪೆನ್ನು ಒಯ್ಯುವಂತಿಲ್ಲ, ಸೀಸದ ಕಡ್ಡಿ ಮಾತ್ರ. ಕೈತೊಳೆದು ಒರೆಸಿಕೊಳ್ಳಬೇಕು. ಮಾರ್ಥಾ ಚಹಾ ಲೋಟ ಬಾಗಿಲ ಹೊರಗಿನ ಪುಟ್ಟ ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಅಲ್ಲಿ ನಿಂತೇ ಹೇಳಿದೆ. ಕಪ್ತಾನನ ಕಾಗದ, ತಾರೀಖು, ಮಸುಕು ಗೆರೆ, ಎಲ್ಲ.

ನಾನು ಮುಗಿಸಿದ ಮೇಲೆ ಕೇಳಿದಳು, "ಯಾವಾಗಿನಿಂದ ಇದೆ ಈ ಅನುಮಾನ?"

"ನಾಲ್ಕು ತಿಂಗಳು."

ಅವಳು ಲೋಟ ಕೆಳಗಿಟ್ಟಳು. ಸದ್ದಾಗದಂತೆ ಇಟ್ಟಳು, ಅದೇ ನನಗೆ ಹೆಚ್ಚು ತಾಗಿತು.

"ಫಲಕ ಅಚ್ಚಾಗಿದೆ. ಲೊರೇನ್ ತಾಯಿಯನ್ನು ಕರೆದುಕೊಂಡು ಬಂದಿದ್ದಾಳೆ. ನಾಡಿದ್ದು ಉದ್ಘಾಟನೆ. ನಾಲ್ಕು ತಿಂಗಳು, ವನಜಾ!"

"ಹೌದು. ನನ್ನ ತಪ್ಪು."

"ನಿಮ್ಮ ಅನುಮಾನವೇ ಸುಳ್ಳಿರಬಹುದು."

"ಇರಬಹುದು. ಹಾಗೇ ಆಗಲಿ ಅಂತ ದೇವರಿಗೆ ಹೇಳಿಕೊಂಡು ಬಂದಿದ್ದೇನೆ. ಆದರೆ ಗಾಜಿನ ಮೇಲಿಂದ ಗೊತ್ತಾಗೋದಿಲ್ಲ."

ಅವಳು ಕೀಲಿಕೈ ತೆಗೆದುಕೊಂಡು ಹೊರಟಳು. ಅರ್ಧ ಗಂಟೆ ನಾನು ಒಬ್ಬಳೇ ಆ ಕೋಣೆಯಲ್ಲಿ ಕೂತಿದ್ದೆ. ಗೋಡೆಯ ಮೇಲೆ ವಕೀಲನ ಚಿತ್ರ. ಕೆಂಪು ಗಲ್ಲ, ಶಾಂತ ಕಣ್ಣು. ಬಾಡಿಗೆಗೆ ಮನೆ ಕೊಡಲು ಹಿಂದೆಮುಂದೆ ನೋಡಬೇಕಾಗದಂಥ ಮುಖ.

ಮಾರ್ಥಾ ಕಾಗದವನ್ನು ರಟ್ಟಿನ ಮಡಿಕೆಯಲ್ಲಿ ಎರಡೂ ಕೈಯಲ್ಲಿ ಹಿಡಿದು ತಂದಳು. ಮೇಜಿನ ಮೇಲೆ ತೆಳ್ಳನೆಯ ಬೆಳಕಿನ ಹಲಗೆ ಇತ್ತು. ಹಾಳೆ ಅದರ ಮೇಲಿಟ್ಟರೆ ಒಳಗಿನ ಶಾಯಿ, ಹಿಂದಿನ ಶಾಯಿ ಎಲ್ಲ ಕಾಣುತ್ತದೆ. ಅವಳು ಗುಂಡಿ ಒತ್ತಿದಳು.

ಇಬ್ಬರೂ ಬಗ್ಗಿದೆವು. ಆ ಕಾಲದಲ್ಲಿ ಲಕೋಟೆ ಇರಲಿಲ್ಲ, ಹಾಳೆಯನ್ನೇ ಮಡಚಿ ಬೆನ್ನಿನ ಮೇಲೆ ವಿಳಾಸ ಬರೆಯುತ್ತಿದ್ದರು. ಬೆಳಕಿನಲ್ಲಿ ವಿಳಾಸ ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ ಎದ್ದು ಬಂತು. ವಕೀಲನ ಹೆಸರು. ಮರ್ಯಾದೆಗೆಂದು ಹೆಸರಿನ ಕೆಳಗೆ ಪೇಷನ್ಸ್ ಎಳೆದ ಗೆರೆ. ಆ ಗೆರೆ ಬಂದು ನಮ್ಮ ಅಕ್ಷರವನ್ನು ಅಡ್ಡ ಹಾದು, ಆಚೆಗೂ ಹೋಗಿತ್ತು.

"ಮಡಿಕೆ" ಎಂದೆ.

ಮಾರ್ಥಾ ಎಲುಬಿನ ಚಪ್ಪಟೆ ಕಡ್ಡಿಯಿಂದ ಮಡಿಕೆಯನ್ನು ಕೂದಲೆಳೆಯಷ್ಟು ಬಿಡಿಸಿದಳು. ಅಕ್ಷರದ ಬಾಲ ಕೆಳಗಿನವರೆಗೂ ಇಳಿದು ಎಡಕ್ಕೆ ಕೊಕ್ಕೆ ಹಾಕಿಕೊಂಡಿತ್ತು. ಪೇಷನ್ಸ್ ಟಿ ಅಕ್ಷರವನ್ನು ಹಾಗೆ ಇಳಿಸುವವಳಲ್ಲ. ಅವಳ ಸಾವಿರ ಎಸ್ ನಾನು ನೋಡಿದ್ದೇನೆ.

ಮಾರ್ಥಾ ಆ ಸಾಲನ್ನು ಮೆಲ್ಲಗೆ ಓದಿದಳು. "ನೀವು ಅಪ್ಪಣೆ ಕೊಟ್ಟಂತೆ ಹ್ಯಾನಾಳನ್ನು ಮಾರಿಯಾಯಿತು. ಡೈನಾ ಸೋಮವಾರದಿಂದ ಊಟ ಮಾಡಿಲ್ಲ."

ಬೆಳಕಿನ ಹಲಗೆ ಆರಿಸುವುದನ್ನು ಇಬ್ಬರೂ ಮರೆತೆವು. ಆಮೇಲೆ ಅವಳೇ ಆರಿಸಿದಳು.

"ಲೊರೇನ್‌ಗೆ ನಾನು ಹೇಳ್ತೇನೆ" ಎಂದಳು.

"ಬೇಡ. ಓದಿದವಳು ನಾನು."

ಹಿಂಬದಿಯ ಮೆಟ್ಟಿಲು

ಅದೇ ಮಧ್ಯಾಹ್ನ ವಕೀಲನ ಮನೆಯ ಹಿಂಬದಿಯ ಮೆಟ್ಟಿಲ ಮೇಲೆ ಲೊರೇನ್ ಜೊತೆ ಕೂತೆ. ಅವಳು ಕಾಗದದ ಲೋಟದಲ್ಲಿ ನನಗೂ ಕಾಫಿ ತಂದಿದ್ದಳು. ನಮ್ಮ ಕಾಫಿಯ ಮುಂದೆ ಅದು ಕಲಗಚ್ಚು, ಆದರೆ ಬಿಸಿಯಾಗಿತ್ತು. ಆ ಬಿಸಿಯನ್ನು ಹಿಡಿದುಕೊಂಡೇ ಹೇಳಿದೆ. ಸುತ್ತಿ ಬಳಸಿ ಹೇಳಲು ನನ್ನ ಇಂಗ್ಲಿಷು ಸಾಲದು. ಅದೊಂದು ಉಪಕಾರವೇ ಆಯಿತು.

ಅವಳು ಹೊಳೆಯ ಕಡೆ ನೋಡುತ್ತಿದ್ದಳು. "ಇನ್ನೊಂದು ಸಲ ಹೇಳಿ" ಎಂದಳು. ಹೇಳಿದೆ.

"ನಿಮಗೆ ಯಾವಾಗ ಗೊತ್ತಾಯ್ತು?"

"ಖಾತ್ರಿ ಆಗಿದ್ದು ಇವತ್ತು. ಅನುಮಾನ ಬಂದದ್ದು ನಾಲ್ಕು ತಿಂಗಳ ಹಿಂದೆ."

"ನಾಲ್ಕು ತಿಂಗಳ ಹಿಂದೆ ನಾನು ಅಮ್ಮನ ಹುಟ್ಟುಹಬ್ಬಕ್ಕೆ ಈ ಸಾಲಿಗೆ ಚೌಕಟ್ಟು ಹಾಕಿಸಿ ಕೊಟ್ಟೆ. ಗೋಡೆಗೆ ಹೊಡೆದೆ. ಅವರ ಹಾಸಿಗೆಯ ಎದುರಿಗೇ." ಅವಳು ಎದ್ದು ನಿಂತಳು. "ನನ್ನ ಕೈಯಾರೆ ನನ್ನ ತಾಯಿಯ ಬಾಯಿ ಮುಚ್ಚಿಸಿದೆ, ನೀವು ಟೈಪು ಮಾಡಿದ ಒಂದು ಕಾಗದ ಹಿಡಿದುಕೊಂಡು!"

"ಕ್ಷಮಿಸಿ" ಎಂದೆ.

"ಕ್ಷಮಿಸೋದು ಆಮೇಲೆ. ಈಗ ಅವರಿಗೆ ಏನಂತ ಹೇಳಲಿ?"

ಉತ್ತರಕ್ಕೆ ಕಾಯಲಿಲ್ಲ. ಅವಳ ಕಾರು ಜಲ್ಲಿಯ ಮೇಲೆ ತಿರುಗಿ ಹೋಯಿತು. ಎರಡು ಲೋಟ ಕಾಫಿ ಇಟ್ಟುಕೊಂಡು ನಾನು ಕೂತೇ ಇದ್ದೆ.

ಶುಕ್ರವಾರ ಇಡೀ ದಿನ ಅವಳಿಂದ ಫೋನಿಲ್ಲ. ಮಾರ್ಥಾ ಎರಡು ಸಲ ಮಾಡಿದಳು, ಎತ್ತಲಿಲ್ಲ. ವಾಪಸು ಹೋಗಿಬಿಟ್ಟಿರಬಹುದೇ ಎಂದು ಹೋಟೆಲಿನಲ್ಲಿ ವಿಚಾರಿಸಿದರೆ, ಕೋಣೆ ಬಿಟ್ಟಿಲ್ಲ ಎಂದರು. ಸಂಘದ ಅಧ್ಯಕ್ಷರು ಬಂದು, ಅಳೆದು ತೂಗುವ ದನಿಯಲ್ಲಿ, ಉದ್ಘಾಟನೆ ಮುಗಿಯಲಿ, ತಿದ್ದುಪಡಿ ಆಮೇಲೆ ನೋಡೋಣ ಎಂದರು. ಇಂಥ ದನಿ ನಮ್ಮ ಕಡೆಯ ಆಫೀಸುಗಳಲ್ಲೂ ಕೇಳಿದ್ದೇನೆ. ಮಾರ್ಥಾ ಏಣಿ ಹಾಕಿ, ಗೋಡೆಯಿಂದ ಫಲಕವನ್ನು ತಾನೇ ಇಳಿಸಿದಳು. ನಾನು ಏಣಿ ಹಿಡಿದುಕೊಂಡಿದ್ದೆ. ಹಲಗೆ ಇಳಿಯುವಾಗ ನನ್ನ ಹಣೆಗೆ ಬಡಿದು ಬುಗುಟೆ ಬಂತು. ಅವಳು ಮಂಜುಗಡ್ಡೆಯ ತುಂಡು ತಂದು ಒತ್ತಿದಳು. ಗುರುವಾರದ ನಂತರ ಅವಳು ನನ್ನ ಮುಖ ನೇರ ನೋಡಿದ್ದು ಆಗಲೇ.

ನನ್ನ ಪೆಟ್ಟಿಗೆಯೂ ಅಂದೇ ಬಂತು. ತೆರೆದು ನೋಡುವ ಮನಸ್ಸಾಗಲಿಲ್ಲ.

ನಡುಮನೆ

ಶನಿವಾರ ಉದ್ಘಾಟನೆಗೆ ಇನ್ನೂ ಎರಡು ಗಂಟೆ ಇತ್ತು. ಲೊರೇನ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಕುರ್ಚಿಯಲ್ಲಿ ಒಡೆಸ್ಸಾ, ಸಣ್ಣ ಆಕೃತಿ, ನೇರಳೆ ಟೋಪಿ, ತೊಡೆಯ ಮೇಲೆ ಕೈಚೀಲ. ಲೊರೇನಳ ಕಣ್ಣು ಊದಿತ್ತು. ನನ್ನನ್ನು ಮಾತಾಡಿಸಲಿಲ್ಲ.

"ಅಮ್ಮನಿಗೆ ಏನೂ ಹೇಳಿಲ್ಲ" ಎಂದಳು ಮಾರ್ಥಾಗೆ. "ಎರಡು ದಿನ ಪ್ರಯತ್ನ ಮಾಡಿದೆ. ನನ್ನ ಕೈಲಾಗಲಿಲ್ಲ."

ಒಡೆಸ್ಸಾ ಖಾಲಿ ಗೋಡೆ ನೋಡಿದಳು, ಬೆರಳು ಎತ್ತಿದಳು. "ಹಲಗೆ ಎಲ್ಲಿ?"

ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ಹಿರಿಯರ ಮುಂದೆ ನಮಗೆ ಬರುವ ಭಂಗಿ ಅದೊಂದೇ.

"ಅಮ್ಮಾ, ನಾನು ಇಂಡಿಯಾದಿಂದ ಬಂದವಳು. ಕಾಗದ ಓದಿದವಳು ನಾನೇ. ತಪ್ಪು ಓದಿದೆ."

"ಸರಿಯಾಗಿ ಓದು ಹಾಗಾದರೆ."

ಮಾರ್ಥಾ ಕಾಗದ ತಂದಳು. ಓದಿದೆ. ಲೊರೇನ್ ಗಾಲಿಕುರ್ಚಿಯ ಹಿಡಿ ಬಿಟ್ಟು ಮುಂದೆ ಬಂದು, "ಅಮ್ಮ, ನೀನು ಹೇಳಿದ್ದೇ ನಿಜ. ನಾನು ನಿನ್ನ ಮಾತು ಕೇಳಬೇಕಿತ್ತು. ನಿನ್ನನ್ನು ಸುಮ್ಮನಾಗಿಸಬಾರದಿತ್ತು" ಎಂದಳು.

ಒಡೆಸ್ಸಾ ಮಗಳ ಕಡೆ ನೋಡಿದಳು. ಗೆದ್ದ ಮುಖವಲ್ಲ ಅದು.

"ನೀನು ನನ್ನನ್ನು ಸುಮ್ಮನಾಗಿಸಲಿಲ್ಲ, ಕಂದಾ. ನಾನೇ ಸುಮ್ಮನಾದೆ. ನೀನು ಹೇಳಿದ್ದೇ ನಿಜವಾಗಲಿ ಅಂತ ನನಗೆ ಎಷ್ಟು ಆಸೆಯಿತ್ತು ಗೊತ್ತಾ? ನಮ್ಮಜ್ಜಿ ಹೇಳಿದಾಗಿನಿಂದ ಆ ಮಗು ಅಳೋದು ನನ್ನ ಕಿವಿಯಲ್ಲಿತ್ತು. ನೀನು ಆ ಚೌಕಟ್ಟು ತಂದು ಹಾಕಿದೆ. ಬೆಳಿಗ್ಗೆ ಎದ್ದು ಅದನ್ನು ನೋಡೋದು, ಹೋಗಲಿ, ಅವಳು ನಡೆದುಕೊಂಡು ಹೋದಳು ಅಂದುಕೊಳ್ಳೋದು." ಉಸಿರೆಳೆದುಕೊಂಡಳು. "ಒಂದು ವರ್ಷ ನನ್ನ ಹ್ಯಾನಾ ಹಡಗು ಹತ್ತಿರಲಿಲ್ಲ."

ಲೊರೇನ್ ತಾಯಿಯ ಮಡಿಲಲ್ಲಿ ಮುಖ ಇಟ್ಟಳು. ನನಗೆ ಎದ್ದುಹೋಗಬೇಕೆನಿಸಿತು. ನಾಲ್ಕು ತಿಂಗಳಿಂದ ನಾನು ಹೆದರಿದ್ದು ಅವರು ಬೈಯುತ್ತಾರೆ ಎಂದು. ಒಬ್ಬ ಮುದುಕಿಯ ಕೈಗೆ ಒಂದು ನೆಮ್ಮದಿ ಕೊಟ್ಟು, ಅದನ್ನು ನಾನೇ ಬಂದು ಕಿತ್ತುಕೊಳ್ಳುತ್ತಿದ್ದೇನೆ ಎಂದು ತಿಳಿದೇ ಇರಲಿಲ್ಲ.

"ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತೇನೋ" ಎಂದೆ. ಬಾಯಿ ತಪ್ಪಿ ಬಂದ ಮಾತು.

ಒಡೆಸ್ಸಾ ಕೈ ಚಾಚಿ ನನ್ನ ಹಣೆಯ ಬುಗುಟೆಯನ್ನು ಮುಟ್ಟಿ ನೋಡಿದಳು. "ಇಲ್ಲ. ಚೆನ್ನಾಗಿರೋದು ಬೇರೆ, ನಿಜ ಬೇರೆ. ಆ ತಾಯಿ ಊಟ ಬಿಟ್ಟು ಕೂತಿದ್ದಳಲ್ಲ. ಅವಳು ಯಾಕೆ ಊಟ ಬಿಟ್ಟಳು ಅಂತ ನಾನು ಸುಳ್ಳು ನಂಬಿಕೊಂಡು ಇರಬಾರದು."

ಉದ್ಘಾಟನೆಗೆ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಅಷ್ಟು ಜನ ಆ ಊರಲ್ಲಿ ಎಲ್ಲಿ ಅಡಗಿದ್ದರೋ. ಮಾರ್ಥಾ ಖಾಲಿ ಗೋಡೆಯ ಮುಂದೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದಳು. ನನ್ನ ನಾಲ್ಕು ತಿಂಗಳನ್ನೂ ಬಿಡಲಿಲ್ಲ. ನಾನೇ ಹೇಳು ಎಂದಿದ್ದೆ. ಅಧ್ಯಕ್ಷರು ನೆಲ ನೋಡುತ್ತಿದ್ದರು. ಕಾಗದ ಯಾರು ಓದಬೇಕು ಎಂಬ ಪ್ರಶ್ನೆ ಬಂದಾಗ ಒಡೆಸ್ಸಾ ನನ್ನ ಕಡೆ ಬೆರಳು ತೋರಿಸಿದಳು.

ಓದಿದೆ. ಹಸುವಿನ ವಿಷಯ, ಮಗಳ ಕೆಮ್ಮಿನ ವಿಷಯ, ಆಮೇಲೆ ಆ ಸಾಲು, ಆಮೇಲೆ ಕೋಟಿನ ವಿಷಯ. ಪೇಷನ್ಸ್ ಅದನ್ನು ಅಷ್ಟರ ನಡುವೆ ಬರೆದಿದ್ದಳು. ಸಾಲು ಕೆಳಕ್ಕಿಳಿದಿರಲಿಲ್ಲ, ಅಕ್ಷರ ವಾಲಿರಲಿಲ್ಲ. ಓದಿ ಮುಗಿಸಿ ತಲೆಯೆತ್ತಿದೆ.

ಲೊರೇನ್ ತಾಯಿಯ ಪಕ್ಕದಿಂದ ಎದ್ದು ಬಂದು ನನ್ನ ಜೊತೆ ನಿಂತಳು. ಕೈ ಹಿಡಿಯಲಿಲ್ಲ, ಭುಜ ತಾಗುವಷ್ಟು ಹತ್ತಿರ ನಿಂತಳು, ಅಷ್ಟೇ.

"ಹಿಂದಿನವರಿಗೆ ಕೇಳಿಸಲಿಲ್ಲ" ಎಂದಳು ಒಡೆಸ್ಸಾ ಕುರ್ಚಿಯಿಂದ. "ಇನ್ನೊಂದು ಸಲ ಓದು."

ಓದಿದೆ. ಈ ಸಲ ಗಟ್ಟಿಯಾಗಿ.